ತೌಡಿಗೆ ಮಾರಿದ ತಮ್ಮ

ಆ ಕಾಲದಲ್ಲಿ ಹೆರಿಗೆಯಾದ ಮನೆಯನ್ನು ಯಾರೂ ತೋರಿಸಿಕೊಡಬೇಕಾಗಿರಲಿಲ್ಲ, ಮೂಗೇ ಹೇಳುತ್ತಿತ್ತು. ಶಾಲೆಯಿಂದ ಬರುವ ದಾರಿಯಲ್ಲಿ ಸಾಂಬ್ರಾಣಿ, ಬೆಳ್ಳುಳ್ಳಿ ಸಿಪ್ಪೆ, ಕಾಯಿಸಿದ ತೆಂಗಿನೆಣ್ಣೆ ಎಲ್ಲ ಸೇರಿದ ಒಂದು ಹೊಗೆ ಬೇಲಿ ದಾಟಿ ಬಂದರೆ "ಇಲ್ಲಿ ಬಾಣಂತಿ ಉಂಟು" ಎಂದು ನಾವು ಮಕ್ಕಳು ಹೇಳಿಕೊಳ್ಳುತ್ತಿದ್ದೆವು. ಕೆಲವು ವಾರ ಕಳೆದು ಆ ವಾಸನೆ ಇದ್ದಕ್ಕಿದ್ದಂತೆ ನಿಂತುಹೋದರೆ ಅದರ ಅರ್ಥವೂ ನಮಗೆ ಗೊತ್ತಿತ್ತು. ಆಗ ಆ ಮನೆಯ ಮುಂದೆ ಮಾತಾಡದೆ ನಡೆಯುತ್ತಿದ್ದೆವು.

ಮೊಮ್ಮಕ್ಕಳೇ, ಇದನ್ನು ನಿಮಗೆ ಬಾಯಲ್ಲಿ ಹೇಳಲು ನನ್ನಿಂದ ಆಗುವುದಿಲ್ಲ. ನಾಲ್ಕು ಜನ ಸೇರಿದಲ್ಲಿ ನಾನು ಎದ್ದು ಅಡಿಗೆಕೋಣೆಗೆ ಹೋಗುವವಳು. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮ ಮನೆ ಕಡಬದಿಂದ ನೆಲ್ಯಾಡಿಗೆ ಹೋಗುವ ದಾರಿಯಿಂದ ಸ್ವಲ್ಪ ಒಳಗೆ, ಒಂದು ತೋಡಿನ ಈಚೆ ದಡದಲ್ಲಿತ್ತು. ಮಣ್ಣಿನ ಗೋಡೆ, ಹುಲ್ಲಿನ ಮಾಡು. ಮುಂದೆ ಚಾವಡಿ, ಹಿಂದೆ ಅಡಿಗೆಕೋಣೆ, ನಡುವೆ ಕಿಟಕಿಯೇ ಇಲ್ಲದ ಒಂದು ಒಳಕೋಣೆ. ಅಪ್ಪ ಗುಂಡ್ಯದ ಒಂದು ಹೋಟೆಲಿನಲ್ಲಿ ಅಡಿಗೆಗಿದ್ದರು. ಘಾಟಿ ಹತ್ತುವ ಲಾರಿಗಳು ನಿಲ್ಲುವ ಜಾಗ ಅದು. ಹದಿನೈದು ದಿನಕ್ಕೊಮ್ಮೆ ಮನೆಗೆ ಬಂದರೆ ಅವರ ಅಂಗಿಯಿಂದಲೇ ಬನ್ಸಿನ ವಾಸನೆ ಬರುತ್ತಿತ್ತು. ಅಮ್ಮ ಚಾವಡಿಯಲ್ಲಿ ಕೂತು ಬೀಡಿ ಕಟ್ಟುತ್ತಿದ್ದಳು. ಅಜ್ಜ ಪಕ್ಕದಲ್ಲೇ ಕೂತು ಬೀಡಿ ಸೇದುತ್ತಿದ್ದರು. "ಕಟ್ಟುದು ಒಬ್ಬಳು, ಸುಡುದು ಒಬ್ಬರು" ಎಂದು ಅಜ್ಜಿ ಗೊಣಗುತ್ತಿದ್ದಳು. ನಮ್ಮ ಮನೆಮಾತು ತುಳು. ಅಂದು ಆಡಿದ ಮಾತುಗಳನ್ನು ನಿಮಗಾಗಿ ಕನ್ನಡಕ್ಕೆ ತಂದುಕೊಂಡಿದ್ದೇನೆ.

ತೋಡಿನ ಆಚೆ ದಡದಲ್ಲಿ ಏಲಿಯಮ್ಮ ಚೇಡತ್ತಿಯ ಮನೆ. ಚೇಡತ್ತಿ ಎಂದರೆ ಅವರ ಮಲಯಾಳದಲ್ಲಿ ಅಕ್ಕ ಎಂದ ಹಾಗೆ. ಅವರು ಕೇರಳದಿಂದ ಬಂದು, ಗುಡ್ಡೆಯ ಕಾಡು ಸವರಿ, ರಬ್ಬರ್ ಹಾಕಿದವರು. ಮೇಲೆ ರವಿಕೆಯಂಥ ಬಿಳಿ ಚಟ್ಟೆ, ಉಡಲು ಬಿಳಿ ಮುಂಡು, ಕಿವಿಯ ಮೇಲ್ಗಡೆ ಬಳೆಯಂಥ ದೊಡ್ಡ ಚಿನ್ನದ ರಿಂಗು. ಎರಡು ದಡದ ನಡುವೆ ಒಂದು ತೆಂಗಿನ ಮರ ಅಡ್ಡ ಹಾಕಿದ ಸಂಕ ಇತ್ತು. ಅದರ ಮೇಲೆ ಅವರ ಮರಗೆಣಸು ಈಚೆ ಬರುತ್ತಿತ್ತು, ನಮ್ಮ ಮಜ್ಜಿಗೆ ಆಚೆ ಹೋಗುತ್ತಿತ್ತು.

ನನ್ನ ನಂತರ ಅಮ್ಮನಿಗೆ ಇಬ್ಬರು ಹುಟ್ಟಿದ್ದರು. ಇಬ್ಬರೂ ಮಗುಚುವಷ್ಟು ದೊಡ್ಡವರಾಗಲಿಲ್ಲ. ಅವರಿಗೆ ಇಟ್ಟ ಹೆಸರುಗಳನ್ನು ಆಮೇಲೆ ನಮ್ಮ ಮನೆಯಲ್ಲಿ ಯಾರೂ ಹೇಳಲಿಲ್ಲ. ನಾನು ಮರೆತಿಲ್ಲ. ಹುಡುಗ ಗೋಪಾಲ, ಹುಡುಗಿ ಸುಮತಿ.

ಗೋಪಾಲ ಹೋದಾಗ ನಾನು ಸಣ್ಣವಳು. ಸುಮತಿ ಹೋದ ಬೆಳಗ್ಗೆ ಚೆನ್ನಾಗಿ ನೆನಪುಂಟು. ಮಾವಿನೆಲೆಯಲ್ಲಿ ಹಲ್ಲುಜ್ಜಿ ಒಳಗೆ ಬಂದೆ. ಅಮ್ಮ ಕಂಬಳಿಯ ಮೂಲೆ ಹಿಡಿದುಕೊಂಡು ಚಾಪೆಯ ಮೇಲೆ ಕೂತಿದ್ದಳು, ಅಷ್ಟೆ. ಕೂಗಲಿಲ್ಲ. ಮಗುವಿಗೆ ಜ್ವರ ಇರಲಿಲ್ಲ, ಕೆಮ್ಮು ಇರಲಿಲ್ಲ. ಹಿಂದಿನ ಸಂಜೆ ನನ್ನ ಬೆರಳು ಹಿಡಿದು ನಕ್ಕಿದ್ದಳು. ನಾನು ಅದೇ ಬೆರಳನ್ನು ಅವಳ ಅಂಗೈಗೆ ಕೊಟ್ಟು ನೋಡಿದೆ. ಹಿಡಿಯಲಿಲ್ಲ.

ಬಾಲಗ್ರಹ ಎಂದರು ಕೆಲವರು, ದೃಷ್ಟಿ ಎಂದರು ಕೆಲವರು. ಪೇಟೆಯ ಡಾಕ್ಟರ ಹತ್ತಿರವೂ ಕಾರಣ ಇರಲಿಲ್ಲ. ಬಾವಿಕಟ್ಟೆಗೆ ಬಂದ ಹೆಂಗಸರಲ್ಲಿ ಒಬ್ಬಳು ಮಾತ್ರ, "ಎರಡೆರಡು ಸಲ ಹೀಗಾಗುದುಂಟಾ? ನಿದ್ದೆಯಲ್ಲಿ ತಾಯಿಯೇ ಮೇಲೆ ಬಿದ್ದಿರ್ಬೇಕು" ಎಂದಳು. ಅಮ್ಮ ಅಲ್ಲೇ ಬಾಳೆಯ ಹಿಂದೆ ಪಾತ್ರೆ ತೊಳೆಯುತ್ತಿದ್ದಳು. ತೊಳೆದದ್ದನ್ನೇ ಮತ್ತೆ ತೊಳೆದಳು. ಅಂದಿನಿಂದ ಅವಳು ಮಲಗಿ ನಿದ್ದೆ ಮಾಡಿದ್ದನ್ನು ನಾನು ನೋಡಲಿಲ್ಲ. ಗೋಡೆಗೆ ಒರಗಿ ಕೂತೇ ಕಣ್ಣು ಮುಚ್ಚುತ್ತಿದ್ದಳು.

ಈಗ ಯೋಚಿಸಿದರೆ ಒಂದು ವಿಷಯ ಕಾಣುತ್ತದೆ. ಗೋಪಾಲನಿಗೆ ಹೊದೆಸಿದ್ದು ಒಂದು ಕಂಬಳಿ. ಅವನು ಹೋದನಲ್ಲ ಎಂದು ಸುಮತಿಗೆ ಎರಡು ಹೊದೆಸಿದರು, ತಲೆಗೆ ಟೊಪ್ಪಿ ಹಾಕಿದರು, ಹೊಗೆಯನ್ನೂ ಎರಡು ಹೊತ್ತು ಮಾಡಿದರು. ಗಾಳಿ ಸೋಂಕಬಾರದೆಂದು ಬಾಗಿಲು ಮುಚ್ಚಿದರು. ಹೆದರಿಕೆ ಹೆಚ್ಚಿದಷ್ಟೂ ಕಂಬಳಿ ಹೆಚ್ಚಿತು. ಪ್ರೀತಿ ಇಲ್ಲದೆ ಮಾಡಿದ್ದು ಒಂದೂ ಇಲ್ಲ.

ನಾನು ಐದನೇ ಕ್ಲಾಸಿನಲ್ಲಿದ್ದಾಗ ಅಮ್ಮ ಮತ್ತೆ ಬಸುರಿಯಾದಳು. ಈ ಸಲ ಯಾರೂ ಸಂತೋಷದ ಮಾತಾಡಲಿಲ್ಲ. ಬಯಕೆಗೆ ಎಂತ ಬೇಕು ಎಂದು ಕೇಳಿದರೆ "ಎಂತದೂ ಬೇಡ" ಎನ್ನುತ್ತಿದ್ದಳು. ಅಜ್ಜಿ ಮಾತ್ರ ಮನಸ್ಸಿನಲ್ಲೇ ಒಂದು ತೀರ್ಮಾನ ಮಾಡಿದ್ದಳು.

ಮಕ್ಕಳು ಉಳಿಯದ ಮನೆಗಳಲ್ಲಿ ಆಗ ಒಂದು ಕ್ರಮ ಇತ್ತು. ಹುಟ್ಟಿದ ಮಗುವನ್ನು ಬೇರೆ ಜಾತಿಯ, ಬೇರೆ ದೇವರ ಮನೆಯವರಿಗೆ ಮಾರಿಬಿಡುವುದು. ಬೆಲೆ ಒಂದಿಷ್ಟು ತೌಡು. ಮಗುವನ್ನು ಹುಡುಕಿಕೊಂಡು ಬರುವ ಕೇಡು ಮನೆಗೆ ಬಂದು, ಇಲ್ಲಿ ಇವರದ್ದೆಂಬ ಮಗುವೇ ಇಲ್ಲವಲ್ಲ ಎಂದು ಹಿಂದೆ ಹೋಗುತ್ತದೆ ಎಂಬ ನಂಬಿಕೆ. ಮಗು ಬೆಳೆಯುವುದು ಹೆತ್ತ ತಾಯಿಯ ಹತ್ತಿರವೇ. ಅನ್ನ ತಿನ್ನುವಷ್ಟು ಗಟ್ಟಿಯಾದ ಮೇಲೆ ಅಷ್ಟೇ ತೌಡು ಕೊಟ್ಟು ಹಿಂದಕ್ಕೆ ಕೊಂಡುಕೊಳ್ಳುವುದು.

ಒಂದು ಸಂಜೆ ಅಜ್ಜಿ ನನ್ನ ಕೈ ಹಿಡಿದುಕೊಂಡು ಸಂಕ ದಾಟಿದಳು. ಏಲಿಯಮ್ಮ ಚೇಡತ್ತಿ ಅಂಗಳದಲ್ಲಿ ಮರಗೆಣಸು, ಅವರ ಮಾತಿನಲ್ಲಿ ಕಪ್ಪ, ಹೆಚ್ಚುತ್ತಿದ್ದರು.

"ಏಲಿಯಮ್ಮಾ, ನಿಂಗೆ ಒಂದು ಮಗು ಬೇಕಾ?"

"ಎಂಡೆ ಕರ್ತಾವೇ! ಆರು ಉಂಟಲ್ಲ ದೇವಕಿಯಕ್ಕಾ. ಅವಕ್ಕೇ ಕಪ್ಪ ಬೇಯಿಸಿ ಬೇಯಿಸಿ ನನ್ನ ಕೈ ಸವೆದುಹೋಯ್ತು."

"ಸಾಕುದು ನಾವು ಮಾರಾಯ್ತಿ. ನೀನು ಕೊಳ್ಳುದು ಮಾತ್ರ."

ಅಜ್ಜಿ ಎಲ್ಲ ವಿವರಿಸಿದಳು. ಚೇಡತ್ತಿ ಹೊಟ್ಟೆ ಹಿಡಿದುಕೊಂಡು ನಕ್ಕರು. "ಇದೆಂತ ವ್ಯಾಪಾರ! ನಮ್ಮ ಪಳ್ಳಿಯ ಅಚ್ಚನಿಗೆ ಗೊತ್ತಾದ್ರೆ ನನ್ನನ್ನು ಮೊಣಕಾಲಲ್ಲಿ ನಿಲ್ಲಿಸ್ತಾರೆ." ಪಳ್ಳಿ ಎಂದರೆ ಅವರ ಇಗರ್ಜಿ, ಅಚ್ಚನ್ ಎಂದರೆ ಪಾದ್ರಿಗಳು.

"ನಿನ್ನ ಅಚ್ಚನಿಗೆ ಯಾರು ಹೇಳ್ತಾರೆ? ನಾನಂತೂ ಹೇಳುದಿಲ್ಲ. ನಮ್ಮ ಭೂತಕ್ಕೂ ಹೇಳುದಿಲ್ಲ, ಆಯ್ತಾ?"

ಚೇಡತ್ತಿ ನಗು ನಿಲ್ಲಿಸಿ, ಅಮ್ಮ ಕೂತಿದ್ದ ನಮ್ಮ ಚಾವಡಿಯ ಕಡೆ ನೋಡಿದರು. "ಕಮಲ ಎಂತ ಹೇಳ್ತಾಳೆ?"

"ಅವಳು ಈಗ ಎಂತದೂ ಹೇಳುದಿಲ್ಲ" ಎಂದಳು ಅಜ್ಜಿ. ಅವಳ ದನಿ ಸಣ್ಣದಾದದ್ದನ್ನು ನಾನು ಅದೇ ಮೊದಲು ಕೇಳಿದ್ದು.

"ಆಯ್ತು. ಹುಟ್ಟಿದ ಕೂಡ್ಲೆ ಹೇಳಿ ಕಳಿಸಿ."

ಆಚೆ ದಡದ ಮನೆಯವರು ಕ್ರಿಸ್ಮಸ್ಸಿಗೆ ಬಿದಿರು, ಬಣ್ಣದ ಕಾಗದದ ನಕ್ಷತ್ರ ಕಟ್ಟಿದ ವಾರದಲ್ಲಿ ನನ್ನ ತಮ್ಮ ಹುಟ್ಟಿದ. ಹೆರಿಗೆಯ ಸೂತಕ ಕಳೆದ ದಿನ ಮಾರಾಟ ನಡೆಯಿತು. ಅಜ್ಜಿ ಅಕ್ಕಿ ಕೇರುವ ತಡ್ಪೆಯಲ್ಲಿ ಹಳೆ ಸೀರೆಯ ತುಂಡು ಹಾಸಿ, ಮಗುವನ್ನು ಮಲಗಿಸಿ, ಹೊಸ್ತಿಲ ಒಳಗೆ ನಿಂತಳು. ಏಲಿಯಮ್ಮ ಚೇಡತ್ತಿ ಹೊಸ್ತಿಲ ಹೊರಗೆ, ಕುಕ್ಕೆಯಲ್ಲಿ ತೌಡು ಹಿಡಿದುಕೊಂಡು. ತೌಡಿನ ಹಸಿ ಅಕ್ಕಿಯ ವಾಸನೆಗೆ ಹಟ್ಟಿಯಿಂದ ಹಸು ಆಗಲೇ ಕೂಗತೊಡಗಿತ್ತು.

"ಈ ಮಗು ನಮ್ಮದಲ್ಲ. ತೌಡಿಗೆ ಮಾರಿದ್ದೇನೆ" ಎಂದು ಅಜ್ಜಿ ಮನೆಯ ಮಾಡಿಗೆ ಕೇಳುವಷ್ಟು ಗಟ್ಟಿಯಾಗಿ ಹೇಳಿದಳು.

ಚೇಡತ್ತಿ ಮಗುವನ್ನು ಎತ್ತಿಕೊಂಡು ಹೆಬ್ಬೆರಳಿನಿಂದ ಅದರ ಹಣೆಗೆ ಒಂದು ಶಿಲುಬೆ ಎಳೆದರು. ಅಜ್ಜಿ ಕಾಣದವಳಂತೆ ತೆಂಗಿನ ಮರ ನೋಡಿದಳು.

"ಮಾರಿದ ಮೇಲೆ ಮತ್ತೆ ಮಾತಿಲ್ಲ, ಅಲ್ವಾ ದೇವಕಿಯಕ್ಕ?"

"ಮಾತಿಲ್ಲ."

"ಇವನು ನನ್ನ ಮೋನ್, ನನ್ನ ಮಗ."

"ನಿನ್ನವನೇ."

ಸಾಮಾನ್ಯವಾಗಿ ಕ್ರಮ ಅಲ್ಲಿಗೆ ಮುಗಿಯುತ್ತದೆ. ಕೊಂಡವರು ಮಗುವನ್ನು ತಾಯಿಯ ಮಡಿಲಿಗೆ ಹಾಕಿ, ಎಲೆ ಅಡಿಕೆ ತಿಂದು ಹೋಗುತ್ತಾರೆ. ಆದರೆ ಏಲಿಯಮ್ಮ ಚೇಡತ್ತಿ, "ಹಾಗಾದ್ರೆ ನನ್ನ ಮಗು ಮಲಗುದು ಎಲ್ಲಿ ಅಂತ ನೋಡ್ಬೇಕಲ್ಲ" ಎಂದು ಸೀದಾ ಒಳಗೆ ನಡೆದರು.

ಒಳಕೋಣೆಯಲ್ಲಿ ಕೆಂಡದ ಮಡಕೆ ಹೊಗೆಯಾಡುತ್ತಿತ್ತು. ಚಾಪೆಯ ಮೇಲೆ ಹತ್ತಿಯ ಹಾಸಿಗೆ, ಬೂರುಗದ ದಿಂಬು, ಕಂಬಳಿಯ ಮೇಲೆ ಕಂಬಳಿ. ಅಮ್ಮ ಗೋಡೆಗೆ ಒರಗಿ ಕೂತಿದ್ದಳು. ಚೇಡತ್ತಿ ಒಳಗೆ ಹೋದ ಕೂಡಲೇ ಕೆಮ್ಮುತ್ತಾ ಹೊರಗೆ ಬಂದರು.

"ದೇವಕಿಯಕ್ಕಾ, ಹೊಗೆ ಹಾಕುದು ರಬ್ಬರ್ ಶೀಟಿಗೆ. ನನ್ನ ಮಗು ಎಂತ ರಬ್ಬರ್ ಶೀಟಾ?"

ಅವರ ಮನೆಯ ಹಿಂದೆ ಹೊಗೆಗೂಡು ಇತ್ತು. ಬಿಳಿಯ ಹಾಳೆಗಳು ಅಲ್ಲಿ ತೂಗಿ ತೂಗಿ ಕಂದು ಬಣ್ಣಕ್ಕೆ ಬರುವುದನ್ನು ನಾವೆಲ್ಲ ನೋಡಿದವರೇ. ಅಜ್ಜ ಜಗಲಿಯಲ್ಲಿ ಕೂತು ಕಿಸಕ್ಕೆಂದು ನಕ್ಕರು. ಅಮ್ಮನ ತುಟಿಯೂ ಸ್ವಲ್ಪ ಅಲ್ಲಾಡಿತು.

"ಹೊಗೆ ಇಲ್ಲದೆ ಬಾಣಂತನ ಉಂಟಾ?" ಎಂದು ಅಜ್ಜಿ ಏರಿದಳು.

"ನಿಮ್ಮ ಸೊಸೆಗೆ ಬೇಕಾದ್ರೆ ಹಾಕಿ, ಅಡಿಗೆಕೋಣೆಯಲ್ಲಿ. ಮಗು ನನ್ನದು."

ಅಜ್ಜಿಗೆ ಅದು ತಾನೇ ಮಾರಿದ ಮಗು. ನಮ್ಮದು ಎಂದು ಒಂದು ಸಲ ಬಾಯಿಬಿಟ್ಟು ಹೇಳಿದರೂ ಕೇಡಿಗೆ ಕೇಳಿಸಿಬಿಡುತ್ತದೆ. ಅವಳು ಗೊಣಗಿಕೊಂಡು ಕೆಂಡದ ಮಡಕೆಯನ್ನು ಹೊರಗೆ ಹೊತ್ತಳು.

ಆಮೇಲೆ ದಿನಾ ಬೆಳಗ್ಗೆ ಹಾಲು ತೆಗೆದು ಮುಗಿಸಿದ ಮೇಲೆ, ರಬ್ಬರ್ ಹಾಲಿನ ಹುಳಿ ವಾಸನೆಯ ಕೈ ತೊಳೆದುಕೊಂಡು, ಚೇಡತ್ತಿ ಸಂಕ ದಾಟಿ ಬರುತ್ತಿದ್ದರು. ಬಂದಾಗೆಲ್ಲ ಒಂದು ಹೊಸ ಅಪ್ಪಣೆ. ಮಗು ಒಳಕೋಣೆಯಿಂದ ಚಾವಡಿಗೆ ಬಂತು. ಒಂದು ಕಂಬಳಿ ಹೋಯಿತು, ಮತ್ತೊಂದೂ ಹೋಯಿತು. "ನೀವು ಎಷ್ಟು ಬಟ್ಟೆ ಹಾಕಿದ್ದೀರಿ? ಅಷ್ಟೇ ಅವನಿಗೂ ಸಾಕು." ಬೂರುಗದ ದಿಂಬು ಅಟ್ಟಕ್ಕೆ ಹೋಯಿತು. ಬೆಚ್ಚಿಬೀಳಬಾರದೆಂದು ಅಜ್ಜಿ ಮಗುವನ್ನು ಕವುಚಿ ಮಲಗಿಸುತ್ತಿದ್ದಳು. ಚೇಡತ್ತಿ ಬಂದು ಅಂಗಾತ ತಿರುಗಿಸುತ್ತಿದ್ದರು. "ಹೀಗೆ ಮಲಗಿದ್ರೆ ಮುಖ ಕಾಣ್ತದೆ. ಮುಖ ಕಂಡ್ರೆ ನನಗೆ ಸಮಾಧಾನ. ನನ್ನ ಮಗುವಿನ ಮುಖ ನಾನು ನೋಡುದು ಬೇಡ್ವಾ?"

ಅವರ ಗಂಡ ಹಲಸಿನ ಹಲಗೆಯಿಂದ ಬದಿಗೆ ಅಡ್ಡಪಟ್ಟಿ ಇರುವ ಒಂದು ಗಿಡ್ಡ ಮಂಚ ಮಾಡಿಕೊಟ್ಟರು. ಅದಕ್ಕೆ ಮಡಚಿದ ಸೀರೆಯನ್ನು ಬಿಗಿಯಾಗಿ ಹಾಸಿದರು, ಮತ್ತೇನೂ ಇಲ್ಲ. ಅಮ್ಮನ ಚಾಪೆಗೆ ತಾಗಿಸಿಟ್ಟು ಚೇಡತ್ತಿ ಹೇಳಿದರು, "ನಿನ್ನ ಕೈಗೆ ಎಟುಕುವಷ್ಟು ಹತ್ತಿರ ಇರ್ಲಿ ಕಮಲಾ. ನಿನ್ನ ಕಂಬಳಿಯ ಒಳಗೆ ಬೇಡ. ಈಗ ನೀನು ಮಲಗು. ಯಾರ ಮೇಲೂ ಬೀಳ್ಲಿಕ್ಕೆ ಇಲ್ಲ." ಬಾವಿಕಟ್ಟೆಯ ಮಾತು ಅವರಿಗೂ ಮುಟ್ಟಿತ್ತೆಂದು ಆಗ ಗೊತ್ತಾಯಿತು.

ಅಜ್ಜನ ಸರದಿಯೂ ಬಂತು. ಬೀಡಿ ಜಗಲಿಯಲ್ಲೂ ಬೇಡ, ಅಂಗಳ ದಾಟಿ ಹುಲ್ಲಿನ ಕುತ್ತರಿಯ ಆಚೆ ಎಂದಾಯಿತು. ಅಮ್ಮನ ಹೊಗೆಸೊಪ್ಪಿನ ತಟ್ಟೆಯೂ ಅತ್ತ ಹೋಯಿತು. ಅಜ್ಜ ಬೀಡಿ ಕಿವಿಗೆ ಸಿಕ್ಕಿಸಿಕೊಂಡು ಇಳಿಯುತ್ತಾ ಅಜ್ಜಿಯನ್ನು ಕೇಳಿದರು, "ಅಲ್ಲ ಮಾರಾಯ್ತಿ, ಮಗುವಿನ ಜೊತೆ ನನ್ನನ್ನೂ ಮಾರಿದ್ದೀಯಾ?"

"ನಿಮ್ಮನ್ನು ಯಾರು ತೌಡು ಕೊಟ್ಟು ತೆಕ್ಕೊಳ್ತಾರೆ?"

ಚೇಡತ್ತಿಗೆ ಎಲ್ಲ ಗೊತ್ತಿತ್ತೆಂದು ನಾನು ಹೇಳುವುದಿಲ್ಲ. ಬಜೆ ಮತ್ತು ಚಿನ್ನವನ್ನು ಜೇನಿನಲ್ಲಿ ತೇದು ಮಗುವಿನ ನಾಲಿಗೆಗೆ ಹಚ್ಚುತ್ತಿದ್ದವರೂ ಅವರೇ. ಈಗಿನ ಡಾಕ್ಟರುಗಳು ಅದನ್ನು ಕೇಳಿದರೆ ಬೈದಾರು. ಅವರಿಗೆ ಇದ್ದದ್ದು ಒಂದೇ ಹಟ: ಮಗುವಿಗೆ ಗಾಳಿ ಬೇಕು, ಮುಖ ಕಾಣಬೇಕು.

ಮಗುವಿನ ಹತ್ತಿರ ಕೂರುವುದು ಶಾಲೆ ಬಿಟ್ಟ ಮೇಲೆ ನನ್ನ ಕೆಲಸ. ಮಂಚದ ಪಕ್ಕ ಸೆಗಣಿ ಸಾರಿಸಿದ ನೆಲದಲ್ಲಿ ಒಬ್ಬಳೇ ಕಲ್ಲಾಟ ಆಡುತ್ತಿದ್ದೆ. ತೋಡಿನಲ್ಲಿ ಹೆಕ್ಕಿದ ನುಣುಪು ಕಲ್ಲುಗಳು. ಕಲ್ಲನ್ನು ಮೇಲೆ ಎಸೆಯುವಾಗ ಉಸಿರಿಗೆ ಅವನ ಹೊಟ್ಟೆ ಏರುತ್ತಿತ್ತು, ಹಿಡಿಯುವಾಗ ಇಳಿಯುತ್ತಿತ್ತು. ಆ ಲೆಕ್ಕಕ್ಕೆ ಆಟ ಹೊಂದಿಕೊಂಡುಬಿಟ್ಟಿತ್ತು. ಅವನು ನಿದ್ದೆಯಲ್ಲಿ ಒಮ್ಮೆ ಉಸಿರನ್ನು ನಿಧಾನ ಮಾಡಿದರೆ ನನ್ನ ಕೈಯಲ್ಲಿ ಕಲ್ಲು ಹಾಗೇ ನಿಲ್ಲುತ್ತಿತ್ತು.

ಚಳಿ ಜೋರಾದಾಗ ಈಶ್ವರಮಂಗಲದಿಂದ ಚಿಕ್ಕಜ್ಜಿ ಬಂದಳು. ಅಜ್ಜಿಯ ತಂಗಿ. ಪುತ್ತೂರಿನಲ್ಲಿ ಬಸ್ಸು ಬದಲಿಸಿ, ಸವಣೂರಿನಲ್ಲಿ ಮತ್ತೊಂದಕ್ಕೆ ಕಾದು, ಹಪ್ಪಳದ ಕಟ್ಟನ್ನೂ ತಾನೇ ಹೊಲಿದ ಒಂದು ಸಾಸಿವೆ ದಿಂಬನ್ನೂ ಹೊತ್ತು ತಂದಿದ್ದಳು. ಎಳೆ ಮಕ್ಕಳ ತಲೆ ದುಂಡಗಾಗಲಿ ಎಂದು ಸಾಸಿವೆ ತುಂಬಿದ ದಿಂಬು ಇಡುವುದು ಆಗಿನ ರೂಢಿ. ಚಾವಡಿಯಲ್ಲಿ ಬರೀ ತೆಳು ಬಟ್ಟೆಯಲ್ಲಿ ಅಂಗಾತ ಮಲಗಿದ್ದ ಮಗುವನ್ನು ನೋಡಿ ಅವಳು ಎದೆಗೆ ಕೈಯಿಟ್ಟುಕೊಂಡಳು. "ಅಯ್ಯೋ ದೇವರೇ, ಈ ಚಳಿಯಲ್ಲಿ ಎಳೆ ಮಗುವನ್ನು ಮೀನು ಒಣಗಿಸಿದ ಹಾಗೆ ಇಟ್ಟಿದ್ದೀರಲ್ಲ!"

ಮರುದಿನ ಬೆಳಗ್ಗೆ ಅಜ್ಜಿ ಹಟ್ಟಿಯಲ್ಲಿದ್ದಳು, ಅಮ್ಮ ಸ್ನಾನಕ್ಕೆ ಹೋಗಿದ್ದಳು. ಚಿಕ್ಕಜ್ಜಿ ಅಟ್ಟದಿಂದ ಕಂಬಳಿಗಳನ್ನು ಇಳಿಸಿದಳು. ಒಳಕೋಣೆಯಲ್ಲಿ ಕೆಂಡ ಇಟ್ಟು ಸಾಂಬ್ರಾಣಿ ಹಾಕಿದಳು. ಮಗುವನ್ನು ಬಿಗಿಯಾಗಿ ಸುತ್ತಿ, ಸಾಸಿವೆ ದಿಂಬಿನ ಮೇಲೆ ಕವುಚಿ ಮಲಗಿಸಿ, ಮೇಲೆ ಹೊದೆಸಿ, ಬಾಗಿಲು ಎಳೆದುಕೊಂಡು ಬಂದಳು. ನಾನು ಕಂಬಕ್ಕೆ ಒರಗಿ ನೋಡುತ್ತಿದ್ದೆ. ಹಿರಿಯರಿಗೆ ಎದುರು ಮಾತಾಡಿ ನನಗೆ ಅಭ್ಯಾಸವೇ ಇರಲಿಲ್ಲ.

ಅಮ್ಮ ಒದ್ದೆ ಕೂದಲಿನಲ್ಲಿ ಬಂದು ಖಾಲಿ ಮಂಚ ನೋಡಿದಳು.

"ಮಗು?"

"ಬೆಚ್ಚಗೆ ಮಲಗಿಸಿದ್ದೇನೆ. ಬಾಗಿಲು ತೆಗೀಬೇಡ, ಗಾಳಿ ಹೋಗ್ತದೆ" ಎಂದಳು ಚಿಕ್ಕಜ್ಜಿ. ಅಮ್ಮ ಬಾಗಿಲಿಗೆ ಕೈಯಿಟ್ಟಳು. "ಬೇಡ ಅಂದೆನಲ್ಲ. ಎರಡು ಹೋದದ್ದು ಸಾಲದಾ ನಿನಗೆ? ಮಗು ಮಲಗಿಸುದು ನಿನ್ನಿಂದ ನಾನು ಕಲೀಬೇಕಾ?"

ಅಮ್ಮನ ಕೈ ಬಾಗಿಲ ಮೇಲೆಯೇ ನಿಂತಿತು. ಅದನ್ನು ದೂಡುವ ಬಲ ಆ ಮಾತಿನಿಂದ ಹೋಗಿಬಿಟ್ಟಿತ್ತು. ಅವಳ ಕೂದಲಿನಿಂದ ನೀರು ನೆಲಕ್ಕೆ ತೊಟ್ಟಿಕ್ಕುತ್ತಿತ್ತು. ಬಾಗಿಲ ಸಂದಿಯಲ್ಲಿ ಹೊಗೆ ಸಣ್ಣಗೆ ಹೊರಗೆ ಬರುತ್ತಿತ್ತು. ಒಳಗಿನಿಂದ ಒಂದು ಸದ್ದೂ ಇಲ್ಲ.

"ಅದು ಅಮ್ಮನ ಮಗು ಅಲ್ಲ."

ಹೇಳಿದ್ದು ನಾನೇ ಎಂದು ತಿಳಿಯಲು ನನಗೇ ಸ್ವಲ್ಪ ಹೊತ್ತು ಬೇಕಾಯಿತು. ಚಿಕ್ಕಜ್ಜಿ ತಿರುಗಿದಳು. "ಎಂತ ಹೇಳಿದ್ದು ನೀನು?"

"ಅದು ಏಲಿಯಮ್ಮ ಚೇಡತ್ತಿಯ ಮಗು. ಅಜ್ಜಿ ತೌಡಿಗೆ ಮಾರಿದ್ದಾಳೆ. ಅವರನ್ನು ಕೇಳದೆ ಯಾರೂ ಅವನನ್ನು ಒಳಗೆ ಮಲಗಿಸುವ ಹಾಗಿಲ್ಲ."

"ಕೇಳಿದ್ಯಾ ಅಕ್ಕಾ, ನಿನ್ನ ಮೊಮ್ಮಗಳ ನಾಲಿಗೆ!"

ಅಜ್ಜಿ ಸೆಗಣಿ ಕೈಯ ಸಮೇತ ಹಿಂಬಾಗಿಲಲ್ಲಿ ನಿಂತಿದ್ದಳು. ಬೆನ್ನಿಗೆ ಒಂದು ಬೀಳುತ್ತದೆ ಎಂದು ನಾನು ಕಣ್ಣು ಮುಚ್ಚಿದೆ. ಮನಸ್ಸಿನಲ್ಲಿ ಅವಳಿಗೂ ಕಂಬಳಿಯೇ ಸರಿ, ಹೊಗೆಯೇ ಸರಿ. ಅದು ನನಗೆ ಗೊತ್ತಿತ್ತು.

"ಅವಳು ಹೇಳಿದ್ದರಲ್ಲಿ ತಪ್ಪೆಂತ?" ಎಂದಳು ಅಜ್ಜಿ. "ಮಾರಿದ್ದು ಮಾರಿದ್ದೇ. ನಾನೇ ಬಾಯಿಬಿಟ್ಟು ಹೇಳಿದ್ದು. ಕಮಲಾ, ಬಾಗಿಲು ತೆಗಿ."

ಅಮ್ಮ ಬಾಗಿಲು ದೂಡಿ ಒಳಗೆ ನುಗ್ಗಿದಳು. ಮಗುವನ್ನು ಎತ್ತಿಕೊಂಡು ಹೊರಗೆ, ಜಗಲಿಯ ಬಿಸಿಲಿಗೇ ಬಂದಳು. ಅವನ ಮುಖ ದಿಂಬಿಗೆ ಒತ್ತಿ ಕೆಂಪಾಗಿತ್ತು. ಹಣೆಯ ಕೂದಲೆಲ್ಲ ಬೆವರಿಗೆ ಅಂಟಿಕೊಂಡಿತ್ತು. ಅಮ್ಮ ಸುತ್ತಿದ್ದನ್ನು ಒಂದೊಂದಾಗಿ ಬಿಚ್ಚಿದಳು. ಅವನು ಸೀನಿದ. ಮತ್ತೊಮ್ಮೆ ಸೀನಿ, ಮನೆ ಹಾರಿಹೋಗುವ ಹಾಗೆ ಅಳತೊಡಗಿದ. ಅಷ್ಟು ಚಂದದ ಅಳು ನಾನು ಮತ್ತೆ ಕೇಳಿಲ್ಲ.

ಚಿಕ್ಕಜ್ಜಿ ಆಮೇಲೆ ಹತ್ತಿರ ಬಂದು, "ಇಷ್ಟು ಬೆವರಿದ್ದಾನಾ..." ಎಂದು ತನ್ನ ಸೆರಗಿನಲ್ಲೇ ಅವನ ಹಣೆ ಒರೆಸಿದಳು. ಕೆಟ್ಟವಳಲ್ಲ ಅವಳು. ಅವಳು ಬಸ್ಸು ಹತ್ತಿದ ದಿನ ಅಜ್ಜಿ ದಿಂಬನ್ನು ಬಿಚ್ಚಿ ಸಾಸಿವೆಯನ್ನು ಡಬ್ಬಿಗೆ ಸುರಿದಳು. ಎಷ್ಟೋ ದಿನ ನಮ್ಮ ಮನೆಯ ಒಗ್ಗರಣೆಯೆಲ್ಲ ಆ ದಿಂಬಿನದ್ದೇ.

ಚಳಿ ಕಳೆದು ಗೇರುಬೀಜದ ಕಾಲ ಬಂತು. ಗುಡ್ಡೆಯಿಡೀ ಹಣ್ಣಾದ ಗೇರಿನ ವಾಸನೆ. ಬಟ್ಟೆಗೆಲ್ಲ ಅದರ ಕಲೆ. ಒಂದು ದಿನ ಗಡಿಯ ಗೇರುಮರದಡಿ ಅಮ್ಮ, ಚೇಡತ್ತಿ, ನಾನು ಬೀಜ ಹೆಕ್ಕುತ್ತಿದ್ದೆವು. ಚೇಡತ್ತಿ ಬಗ್ಗಿದಲ್ಲಿಂದಲೇ, ಯಾವುದೋ ಬೇರೆ ವಿಷಯ ಹೇಳುವ ಹಾಗೆ ಹೇಳಿದರು.

"ನನ್ನದೂ ಒಂದು ಹೋಗಿದೆ ಕಮಲಾ. ಈ ಊರಿಗೆ ಬಂದ ವರ್ಷ. ಗುಡಿಸಲು, ಚಳಿ, ಎಲ್ಲರಿಗೂ ಹೊದೆಯಲಿಕ್ಕೆ ಒಂದೇ ಪೊದಪ್ಪು. ನನ್ನ ಕೈಯ ಕೆಳಗೇ ಇತ್ತು ಕುಂಞಿ. ಬೆಳಗ್ಗೆ ನೋಡಿದ್ರೆ ಇಲ್ಲ."

ಅಮ್ಮ ಹೆಕ್ಕುವುದನ್ನು ನಿಲ್ಲಿಸಿದಳು.

"ನನಗೂ ಹೇಳಿದ್ರು, ನೀನೇ ಅಂತ. ನಾನು ಅಲ್ಲ ಕಮಲಾ. ನೀನೂ ಅಲ್ಲ."

ಅಮ್ಮ ಗೇರುಮರಕ್ಕೆ ಹಣೆಯೊತ್ತಿ ಅತ್ತಳು. ಸುಮತಿ ಹೋದಾಗಲೂ ಅಳದವಳು. ಚೇಡತ್ತಿ ಸಮಾಧಾನ ಮಾಡಲು ಹೋಗಲಿಲ್ಲ, ಅವಳ ಬುಟ್ಟಿಗೂ ಸೇರಿಸಿ ಬೀಜ ಹೆಕ್ಕುತ್ತಾ ಹೋದರು. "ಮೋಳೆ, ನೀನೂ ಹೆಕ್ಕು" ಎಂದು ನನಗೆ ಹೇಳಿದರು. ಅಂದು ಮಧ್ಯಾಹ್ನ ಅಮ್ಮ ಊಟ ಮಾಡಿ, ಮಂಚದ ಪಕ್ಕದ ಚಾಪೆಯಲ್ಲಿ ಉದ್ದಕ್ಕೆ ಮಲಗಿ, ಬಾಯಿ ಸ್ವಲ್ಪ ತೆರೆದುಕೊಂಡು ನಿದ್ದೆ ಮಾಡಿದಳು. ಅಜ್ಜಿ ಯಾರಿಗೂ ಪಾತ್ರೆ ಸದ್ದು ಮಾಡಲು ಬಿಡಲಿಲ್ಲ.

ತಮ್ಮನಿಗೆ ಮೊದಲ ಅನ್ನ ತಿನ್ನಿಸುವ ದಿನ ಬಂತು. ಅಪ್ಪ ಗುಂಡ್ಯದಿಂದ ಬಂದು ಪಾಯಸ ಮಾಡಿದರು. ಅಜ್ಜಿ ಅದೇ ಕುಕ್ಕೆಯಲ್ಲಿ ತೌಡು ತುಂಬಿ ಮುಂದಿಟ್ಟಳು. "ತೆಕ್ಕೊ ಏಲಿಯಮ್ಮ. ಮಗುವನ್ನು ಹಿಂದೆ ಕೊಡು."

ಚೇಡತ್ತಿ ಮಗುವನ್ನು ಸೊಂಟದಿಂದ ಇಳಿಸಲಿಲ್ಲ. "ಮಾರುದಿಲ್ಲ."

"ಎಂತ?"

"ಮಾರುದಿಲ್ಲ ದೇವಕಿಯಕ್ಕ. ನಿಮ್ಮಲ್ಲೇ ಬೆಳೀಲಿ. ನಿಮ್ಮ ದೇವರಿಗೇ ಕೈ ಮುಗೀಲಿ. ಆದ್ರೆ ನನ್ನ ಮೋನ್."

"ಕ್ರಮ ಹಾಗಲ್ಲ ಮಾರಾಯ್ತಿ!"

"ಮಾರಿದ ಮೇಲೆ ಮಾತಿಲ್ಲ ಅಂತ ಹೇಳಿದ್ದು ಯಾರು?"

ಅಜ್ಜಿ ಗಂಡನನ್ನು ನೋಡಿದಳು, ಮಗನನ್ನು ನೋಡಿದಳು. ಕೊನೆಗೆ ಅವಳೇ ನಕ್ಕುಬಿಟ್ಟಳು. ತೌಡು ಹಸುವಿಗೆ ಹೋಯಿತು.

ನನ್ನ ತಮ್ಮನಿಗೆ, ನಿಮ್ಮ ಕುಂಞಿಮೋನಜ್ಜನಿಗೆ, ಪುಟ್ಟ ಮಗ ಎನ್ನುವ ಆ ಹೆಸರು ಬಂದದ್ದು ಹೀಗೆ. ಶಾಲೆಯಲ್ಲಿ ಬರೆಸಿದ ಹೆಸರು ಜನಾರ್ದನ ಎಂದು ಅವನಿಗೇ ನೆನಪಿಸಬೇಕು. ಬೆಳೆದ ಮೇಲೂ ಕ್ರಿಸ್ಮಸ್ಸಿಗೆ ಮಾಡಿದ ಮೊದಲ ಅಪ್ಪವನ್ನು ಆಚೆ ದಡದಲ್ಲೇ ತಿನ್ನುತ್ತಿದ್ದ. ಚೇಡತ್ತಿ ತೀರಿಕೊಂಡಾಗ ಅವರ ಗಂಡುಮಕ್ಕಳು ತಾವಾಗಿ ಅವನನ್ನು ಕರೆದು ಪೆಟ್ಟಿಗೆಗೆ ಹೆಗಲು ಕೊಡಿಸಿದರು. ಹಲಸಿನ ಮಂಚದಲ್ಲಿ ಆಮೇಲೆ ನಿಮ್ಮ ಅಪ್ಪಂದಿರು, ಅಮ್ಮಂದಿರು ಎಲ್ಲ ಮಲಗಿದ್ದಾರೆ.

ಮೊನ್ನೆ ನಿಮ್ಮ ಅನಿತಕ್ಕನ ಮಗುವನ್ನು ನೋಡಲು ಪುತ್ತೂರಿನ ಆಸ್ಪತ್ರೆಗೆ ಹೋಗಿದ್ದೆನಲ್ಲ. ಅಲ್ಲಿ ಒಬ್ಬಳು ಸಣ್ಣ ಪ್ರಾಯದ ನರ್ಸು ಹೇಳುತ್ತಿದ್ದಳು. ಅಂಗಾತ ಮಲಗಿಸಿ, ಹಗಲೂ ರಾತ್ರಿಯೂ. ಗಟ್ಟಿ ಹಾಸಿಗೆ, ದಿಂಬು ಬೇಡ. ಮುಖಕ್ಕೆ, ತಲೆಗೆ ಮುಚ್ಚಬೇಡಿ, ತುಂಬ ಹೊದೆಸಿ ಬೆವರಿಸಬೇಡಿ. ನಿಮ್ಮ ಕೋಣೆಯಲ್ಲೇ ಇರಲಿ, ಆದರೆ ಬೇರೆ ಹಾಸಿಗೆಯಲ್ಲಿ. ಎದೆಹಾಲು ಕೊಡಿ. ಮಗುವಿರುವಲ್ಲಿ ಬೀಡಿ ಸಿಗರೇಟಿನ ಹೊಗೆ ಬೇಡ. ನಾನು ಬಾಗಿಲ ಹತ್ತಿರ ನಿಂತು ಕೇಳುತ್ತಿದ್ದೆ. ಅವಳು ಹೊರಗೆ ಬಂದಾಗ ಹೇಗೋ ಧೈರ್ಯ ಮಾಡಿ ಕೇಳಿದೆ, "ಇಷ್ಟು ಮಾಡಿದರೆ ಮಕ್ಕಳು ಹೋಗುವುದಿಲ್ಲವಾ?"

"ಅಪಾಯ ತುಂಬ ಕಡಿಮೆ ಆಗ್ತದೆ ಅಜ್ಜಿ" ಎಂದಳು ಅವಳು. "ಎಲ್ಲ ಸರಿ ಮಾಡಿದ್ರೂ ಒಂದೊಂದು ಮಗು ಹೋಗುದುಂಟು. ಯಾಕೆ ಅಂತ ಪೂರ್ತಿ ಇನ್ನೂ ಯಾರಿಗೂ ಗೊತ್ತಿಲ್ಲ. ಅದಕ್ಕೆ ತಾಯಿಯನ್ನು ದೂರ್ಬಾರ್ದು."

ಕೊನೆಯ ಮಾತನ್ನು ಅವಳು ನಡೆಯುತ್ತಾ ಹೇಳಿ ಹೋದಳು. ನಾನು ಬೆಂಚಿನ ಮೇಲೆ ಕೂತುಬಿಟ್ಟೆ. ನನ್ನ ಅಮ್ಮನಿಗೆ ಆ ಮಾತು ಹೇಳಿದವರು ಒಬ್ಬರೇ, ಅದೂ ಗೇರುಮರದ ಕೆಳಗೆ. ಗೋಪಾಲ, ಸುಮತಿ ಉಳಿಯುತ್ತಿದ್ದರೋ ಏನೋ ನಾನು ಹೇಳಲಾರೆ. ತಮ್ಮ ಉಳಿದದ್ದು ಆ ಮಂಚದಿಂದಲೋ, ತೌಡಿನಿಂದಲೋ, ಬರೀ ಅದೃಷ್ಟದಿಂದಲೋ ಅದೂ ನನಗೆ ಗೊತ್ತಿಲ್ಲ. ಬಾಗಿಲು ತೆರೆದದ್ದು ಮಾತ್ರ ಗೊತ್ತು.

ಈಗ ಊರಲ್ಲಿ ಮಕ್ಕಳು ಹಾಗೆ ಹೋಗುವುದು ಅಪರೂಪ. ಅದು ದೊಡ್ಡ ಮಾತು. ಆ ಹೊಗೆ ಹೋದದ್ದಕ್ಕೆ ನನಗೆ ಬೇಸರ ಇಲ್ಲ. ಆದರೆ ಸಂಕವೂ ಹೋಗಿದೆ. ತೋಡಿಗೆ ಈಗ ಮೋರಿ, ಆಚೆ ಕಡೆ ಎತ್ತರದ ಕಾಂಪೌಂಡು, ಗೇಟಿಗೆ ಬೀಗ. ಚೇಡತ್ತಿಯ ಜಾಗ ಎರಡು ಕೈ ಬದಲಾಗಿದೆ. ಈಗ ಅಲ್ಲಿರುವವರ ಮುಖ ನಾನು ಸರಿಯಾಗಿ ನೋಡಿಲ್ಲ, ಅವರು ನನ್ನದನ್ನು ನೋಡಿಲ್ಲ. ಕೇಳದೆ ಒಳಗೆ ಬಂದು, ನಮ್ಮ ಕಂಬಳಿ ಎಳೆದು, ಇದು ನನ್ನ ಮಗು ಎಂದು ಜಗಳ ಮಾಡುವವರು ಯಾರೂ ಇಲ್ಲ.

ಕುಂಞಿಮೋನನಿಗೆ ಈಗ ಕೂದಲು ಬೆಳ್ಳಗಾಗಿದೆ. ಆಸ್ಪತ್ರೆಯಿಂದ ಬಂದ ಸಂಜೆ ಅವನಿಗೆ ತಮಾಷೆಗೆ ಹೇಳಿದೆ, "ಅಲ್ಲ ಮಾರಾಯ, ನಿನ್ನನ್ನು ನಾವು ಇನ್ನೂ ಹಿಂದಕ್ಕೆ ಕೊಂಡೇ ಇಲ್ಲವಲ್ಲ."

ಅವನು ತೋಡಿನ ಆಚೆಯ ಆ ಎತ್ತರದ ಕಾಂಪೌಂಡಿನ ಕಡೆ ನೋಡಿದ.

"ತೌಡು ತರಬಹುದು ಅಕ್ಕ" ಎಂದ. "ಯಾರ ಕೈಗೆ ಕೊಡುದು?"